ಸೌಂಡ್ ಕಾರ್ಡ್ ‘ಟಪ್ ಟಪ್’ ಅನ್ನುತ್ತಿದ್ದರೆ: ಇಂಟರಪ್ಟ್ ಎಣಿಸಬೇಡಿ, ಸ್ಥಾನವನ್ನು ಕಾರ್ಡನ್ನೇ ಕೇಳಿ

ಪ್ರಶ್ನೆ: ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ, ಊರು ಮಂಡ್ಯ. ಗೆಳೆಯರು ಸೇರಿ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬಬಹುದಾದ ಚಿಪ್) ಬೋರ್ಡ್ ಮೇಲೆ ಒಂದು ಪಿಸಿಐ ಎಕ್ಸ್‌ಪ್ರೆಸ್ ಸೌಂಡ್ ಕಾರ್ಡ್ ಮಾಡಿದ್ದೇವೆ. ವೀಣೆ ರೆಕಾರ್ಡ್ ಮಾಡಬೇಕು ಅನ್ನೋದು ಆಸೆ. ಲಿನಕ್ಸ್‌ಗೆ ಅಲ್ಸಾ (ಲಿನಕ್ಸ್ ಒಳಗಿನ ಸದ್ದಿನ ವ್ಯವಸ್ಥೆ) ಡ್ರೈವರ್ ನಾವೇ ಬರೆದೆವು. ಸಂಗೀತ ಕೇಳುತ್ತದೆ, ಆದರೆ ನಡುನಡುವೆ ‘ಟಪ್ ಟಪ್’ ಸದ್ದು. ಪೆನ್ ಡ್ರೈವ್‌ಗೆ ಫೈಲ್ ಕಾಪಿ ಮಾಡುವಾಗ ಜಾಸ್ತಿ. ಆಮೇಲಾಮೇಲೆ ಹಳೇ ತುಣುಕೇ ಮತ್ತೆ ಕೇಳುತ್ತದೆ. ಕೊನೆಗೆ ಸದ್ದೇ ನಿಂತುಹೋಗಿ, ಕರ್ನಲ್ ಲಾಗ್‌ನಲ್ಲಿ ‘ಐಆರ್‌ಕ್ಯು 16: ನೋಬಡಿ ಕೇರ್ಡ್’ ಅಂತ ಬರುತ್ತದೆ. ಬಫರ್ ದೊಡ್ಡದು ಮಾಡಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಇಂಟರಪ್ಟ್ (ಕಾರ್ಡ್ ಸಿಪಿಯುವನ್ನು ಕರೆಯುವ ಸಂಕೇತ) ಬಂದಾಗ ಓಡುವ ಹ್ಯಾಂಡ್ಲರ್ ಒಳಗೆ 20 ಮೈಕ್ರೋಸೆಕೆಂಡ್ ಡಿಲೇ ಹಾಕಿದೆವು, ಅದರಿಂದಲೂ ಸ್ವಲ್ಪ ಸುಧಾರಿಸಿತು. ಯಾಕೆ ಅಂತ ಗೊತ್ತಿಲ್ಲ. ರಿಯಲ್ ಟೈಮ್ ಕರ್ನಲ್ ಹಾಕಬೇಕಾ? ಇದೇ ಕಾರ್ಡನ್ನು ಗೆಳತಿಯೊಬ್ಬಳ ಶ್ರವಣ ಪ್ರಯೋಗಕ್ಕೆ ಬಳಸಬಹುದಾ? ಕೋಡ್ ಜೊತೆಗಿಟ್ಟಿದ್ದೇನೆ.

ಉತ್ತರ: ಕೋಡ್ ಪೂರ್ತಿ ಓದಿದೆ. ರಿಯಲ್ ಟೈಮ್ ಕರ್ನಲ್ ವಿಚಾರ ಆಮೇಲೆ ನೋಡೋಣ, ನಿಮ್ಮ ತೊಂದರೆಯ ಬೇರು ಅಲ್ಲಿಲ್ಲ. ಮೊದಲು ಆ ಡಿಲೇ ತೆಗೆದುಹಾಕಿ. ಬಫರನ್ನೂ ಹಳೇ ಅಳತೆಗೇ ತನ್ನಿ, ಅಂದರೆ 256 ಫ್ರೇಮ್‌ನ ನಾಲ್ಕು ಪೀರಿಯಡ್. (ಒಂದು ಕ್ಷಣದ ಎಡ, ಬಲ ಸ್ಯಾಂಪಲ್ ಸೇರಿದರೆ ಒಂದು ಫ್ರೇಮ್. ಬಫರ್‌ನ ಒಂದೊಂದು ಭಾಗ ಪೀರಿಯಡ್, ಅದು ಮುಗಿದಾಗ ಕಾರ್ಡ್ ಇಂಟರಪ್ಟ್ ಎಬ್ಬಿಸುತ್ತದೆ.) ಟಪ್ ಸದ್ದು ಜಾಸ್ತಿಯಾಗುತ್ತದೆ, ಆಗಲಿ. ದೋಷ ಬೇಗ ಬೇಗ ಕಾಣಿಸಿಕೊಂಡಷ್ಟೂ ಅದರ ಕಾರಣ ಬೇಗ ಸಿಗುತ್ತದೆ. ಗಂಟೆಗೊಮ್ಮೆ ಬರುವ ಟಪ್ ಹಿಡಿಯುವುದು ನಿಜಕ್ಕೂ ಕಷ್ಟ.

ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ 256 ಫ್ರೇಮ್ ಅಂದರೆ 5.33 ಮಿಲಿಸೆಕೆಂಡ್. ಇಡೀ ಬಫರ್ 21.3 ಮಿಲಿಸೆಕೆಂಡ್. ನಿಮ್ಮ ಮಂಡ್ಯ ಕಡೆಯ ಆಲೆಮನೆ ನೋಡಿರುತ್ತೀರಿ ಅಲ್ವಾ? ಗಾಣ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಕಬ್ಬು ಕೊಡುವವನು ಹೊತ್ತಿಗೆ ಸರಿಯಾಗಿ ಕೊಡಬೇಕು. ಸೌಂಡ್ ಕಾರ್ಡೂ ಯಾರಿಗಾಗಿಯೂ ಕಾಯುವುದಿಲ್ಲ. ಕಬ್ಬು ಬರದಿದ್ದರೆ ಗಾಣ ಸುಮ್ನೆ ಖಾಲಿ ತಿರುಗುತ್ತದೆ. ನಿಮ್ಮ ಕಾರ್ಡ್ ಮಾತ್ರ ಬಫರ್‌ನಲ್ಲಿ ಉಳಿದ ಹಳೇ ಸ್ಯಾಂಪಲ್‌ಗಳನ್ನೇ ಎತ್ತಿಕೊಂಡು ಮತ್ತೆ ನುಡಿಸುತ್ತದೆ.

ಇಲ್ಲಿ ಡ್ರೈವರ್ ಅಲ್ಸಾಗೆ ಎರಡು ಸುದ್ದಿ ಕೊಡಬೇಕು. ‘ಒಂದು ಪೀರಿಯಡ್ ದಾಟಿತು’ ಅನ್ನೋದು ಒಂದು. ‘ಕಾರ್ಡ್ ಈಗ ಬಫರ್‌ನಲ್ಲಿ ಇಂಥ ಕಡೆ ಇದೆ’ ಅನ್ನೋದು ಇನ್ನೊಂದು. ಮೊದಲ ಸುದ್ದಿ ತುಸು ತಡವಾದರೆ ನಡೆಯುತ್ತದೆ, ಅದಕ್ಕೆಂದೇ ನಾಲ್ಕು ಪೀರಿಯಡ್ ಇಟ್ಟಿರುವುದು. ಎರಡನೆಯದು ಒಂದು ಸಲ ಸುಳ್ಳಾದರೂ ಮುಗಿಯಿತು. ನಿಮ್ಮ ಡ್ರೈವರ್‌ನಲ್ಲಿ ಎರಡನೆಯದನ್ನು ಮೊದಲನೆಯದರಿಂದ ಊಹಿಸಿದ್ದೀರಿ. ಇಂಟರಪ್ಟ್ ಬಂದಾಗಲೆಲ್ಲ ಸ್ಥಾನಕ್ಕೆ 256 ಕೂಡಿಸುತ್ತೀರಿ. ಪಾಯಿಂಟರ್ ಕಾಲ್‌ಬ್ಯಾಕ್ (ಸ್ಥಾನ ಎಲ್ಲಿ ಅಂತ ಅಲ್ಸಾ ಕೇಳಿದಾಗ ಓಡುವ ನಿಮ್ಮ ಫಂಕ್ಷನ್) ಅದೇ ಲೆಕ್ಕವನ್ನು ಒಪ್ಪಿಸುತ್ತದೆ. ದೊಡ್ಡ ದೋಷ ಇದೇ.

ಯಾಕೆ ಅಂದರೆ, ಇಂಟರಪ್ಟ್‌ಗೆ ಎಣಿಕೆ ಬರುವುದಿಲ್ಲ. ಕಾರ್ಡ್‌ನ ಸ್ಟೇಟಸ್ ರಿಜಿಸ್ಟರ್‌ನಲ್ಲಿ (ಕಾರ್ಡ್ ತನ್ನ ಸ್ಥಿತಿ ಬರೆದಿಡುವ ಪುಟ್ಟ ಜಾಗ) ‘ಪೀರಿಯಡ್ ಮುಗಿಯಿತು’ ಅನ್ನುವುದಕ್ಕೆ ಇರುವುದು ಒಂದೇ ಬಿಟ್. ಬೇರೆ ಯಾವುದೋ ಡ್ರೈವರ್ ಇಂಟರಪ್ಟ್‌ಗಳನ್ನು 8 ಮಿಲಿಸೆಕೆಂಡ್ ತಡೆದು ಹಿಡಿಯಿತು ಅಂದುಕೊಳ್ಳಿ. ಅಷ್ಟರಲ್ಲಿ ಎರಡು ಪೀರಿಯಡ್ ದಾಟಿರಬಹುದು. ಬಿಟ್ ಮೊದಲೇ 1 ಆಗಿತ್ತು, ಇನ್ನೊಮ್ಮೆ 1 ಆಯಿತು, ಅಷ್ಟೇ. ನಿಮ್ಮ ಹ್ಯಾಂಡ್ಲರ್ ಒಂದೇ ಸಲ ಓಡುತ್ತದೆ, 256 ಮಾತ್ರ ಕೂಡುತ್ತದೆ. ಅಲ್ಲಿಂದ ಮುಂದೆ ನಿಮ್ಮ ಲೆಕ್ಕ ನಿಜಕ್ಕಿಂತ ಶಾಶ್ವತವಾಗಿ 256 ಫ್ರೇಮ್ ಹಿಂದೆ. ಅದು ತಾನಾಗಿ ಎಂದೂ ಸರಿಹೋಗುವುದಿಲ್ಲ.

ಇದರ ಪರಿಣಾಮ ನೋಡಿ. ಬಫರ್‌ನಲ್ಲಿ 1024 ಫ್ರೇಮ್ ತುಂಬಿದೆ ಅಂತ ಪ್ಲೇಯರ್ ನಂಬಿಕೊಂಡಿರುತ್ತದೆ. ನಿಜವಾಗಿ ಇರುವುದು 768. ಇನ್ನೊಂದು ಇಂಟರಪ್ಟ್ ಕಳೆದರೆ 512. ಹೀಗೆ ನಾಲ್ಕು ಕಳೆದ ಮೇಲೆ ಕೈಯಲ್ಲಿ ಏನೂ ಉಳಿದಿಲ್ಲ. ಪ್ಲೇಯರ್ ಇನ್ನೇನು ಬರೆಯಬೇಕಿರುವ ಜಾಗದಿಂದಲೇ ಕಾರ್ಡ್ ಓದುತ್ತಿರುತ್ತದೆ. ಅಲ್ಲಿ ಇರುವುದು 21 ಮಿಲಿಸೆಕೆಂಡ್ ಹಿಂದಿನ ಸದ್ದು. ನಿಮಗೆ ಕೇಳುವ ‘ಹಳೇ ತುಣುಕು’ ಅದೇ. ಲಾಗ್‌ನಲ್ಲಿ ಎಕ್ಸ್‌ರನ್ (ಬಫರ್ ಖಾಲಿಯಾಯಿತು ಅನ್ನುವ) ಸಂದೇಶ ಒಂದೂ ಇರಲಿಲ್ಲ, ಗಮನಿಸಿದಿರಾ? ಹೇಗೆ ಬರುತ್ತದೆ ಹೇಳಿ? ಬಫರ್ ಖಾಲಿಯಾಯಿತೇ ಇಲ್ಲವೇ ಅಂತ ಅಲ್ಸಾ ನೋಡುವುದು ನೀವು ಕೊಟ್ಟ ಲೆಕ್ಕದಲ್ಲೇ. ಆ ಲೆಕ್ಕದ ಪ್ರಕಾರ ಎಲ್ಲ ಸರಿಯಾಗೇ ಇದೆ. ಬಫರ್ ಹಿಗ್ಗಿಸಿದಾಗ ಗುಣ ಕಂಡಿದ್ದು ಯಾಕೆ ಅನ್ನೋದೂ ಈಗ ಗೊತ್ತಾಗುತ್ತದೆ. 32 ಪೀರಿಯಡ್ ಇಟ್ಟರೆ 32 ಇಂಟರಪ್ಟ್ ಕಳೆಯುವ ತನಕ ತಡೆದುಕೊಳ್ಳುತ್ತದೆ. ಹತ್ತು ನಿಮಿಷದ ಆಲಾಪನೆ ಸರಿಯಾಗಿ ಬಂದು, ಒಂದು ಗಂಟೆಯ ಕಛೇರಿ ಕೆಡುತ್ತದೆ.

ಹಾಗಾಗಿ ಪಾಯಿಂಟರ್ ಕಾಲ್‌ಬ್ಯಾಕ್‌ನಲ್ಲಿ ಕೂಡುವ ಲೆಕ್ಕ ತೆಗೆದು, ಪ್ರತಿ ಸಲವೂ ಎಫ್‌ಪಿಜಿಎಯ ಡಿಎಂಎ (ಸಿಪಿಯು ನೆರವಿಲ್ಲದೆ ಕಾರ್ಡೇ ಮೆಮೊರಿ ಓದುವ ವ್ಯವಸ್ಥೆ) ಸ್ಥಾನದ ರಿಜಿಸ್ಟರ್ ಓದಿ. ಇಂಟರಪ್ಟ್ ಎಷ್ಟು ಕಳೆದರೂ ಮುಂದಿನ ಓದಿನಲ್ಲಿ ನಿಜ ಸ್ಥಾನ ಸಿಗುತ್ತದೆ. ಬಫರ್ ಖಾಲಿಯಾದರೆ ಎಕ್ಸ್‌ರನ್ ಅಂತ ಪ್ರಾಮಾಣಿಕವಾಗಿ ಲಾಗ್‌ನಲ್ಲಿ ಬೀಳುತ್ತದೆ.

ಆದರೆ ಆ ರಿಜಿಸ್ಟರ್ ಓದುವುದರಲ್ಲೂ ಒಂದು ಗುಂಡಿ ಇದೆ. ನಿಮ್ಮ ವೆರಿಲಾಗ್ (ಎಫ್‌ಪಿಜಿಎ ಸರ್ಕ್ಯೂಟ್ ಬರೆಯುವ ಭಾಷೆ) ಕೋಡ್ ನೋಡಿದೆ. ಸ್ಥಾನದ ಕೌಂಟರ್ ಓಡುವುದು ಆಡಿಯೋ ಕ್ಲಾಕ್ ಮೇಲೆ, ರಿಜಿಸ್ಟರ್ ಓದು ನಡೆಯುವುದು ಪಿಸಿಐ ಎಕ್ಸ್‌ಪ್ರೆಸ್ ಕ್ಲಾಕ್ ಮೇಲೆ. ಎರಡರ ನಡುವೆ ಪ್ರತಿ ಬಿಟ್‌ಗೂ ಎರಡು ಫ್ಲಿಪ್ ಫ್ಲಾಪ್ (ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ಹಾಕಿ ಬಿಟ್ಟಿದ್ದೀರಿ. ಒಂದೇ ಬಿಟ್‌ಗೆ ಅದು ಸಾಕು, ಹತ್ತು ಬಿಟ್‌ನ ಕೌಂಟರ್‌ಗೆ ಸಾಲದು. ಎಣಿಕೆ 511ರಿಂದ 512ಕ್ಕೆ ಹೋಗುವಾಗ ಹತ್ತೂ ಬಿಟ್ ಒಟ್ಟಿಗೆ ಬದಲಾಗುತ್ತವೆ. ಕೆಲವು ಈ ಸುತ್ತಿನಲ್ಲಿ ದಾಟಿ, ಕೆಲವು ಮುಂದಿನ ಸುತ್ತಿಗೆ ಉಳಿದರೆ 0 ಅಂತಲೋ 1023 ಅಂತಲೋ ಓದಿಬಿಡುತ್ತೀರಿ. ಪ್ರತಿ ಹೆಜ್ಜೆಗೂ ಒಂದೇ ಬಿಟ್ ಬದಲಾಗುವ ಗ್ರೇ ಕೋಡ್‌ಗೆ ಬದಲಿಸಿ ದಾಟಿಸಿ, ಇಲ್ಲವೇ ಹ್ಯಾಂಡ್‌ಶೇಕ್ ಇಟ್ಟು ಇಡೀ ಸಂಖ್ಯೆಯನ್ನು ಒಟ್ಟಿಗೆ ಹಿಡಿದು ದಾಟಿಸಿ. ಮುಂದೆ ಕೌಂಟರನ್ನು ಎರಡು ರಿಜಿಸ್ಟರ್‌ಗೆ ಹಂಚಿದರೆ ಮೇಲಿನ ಅರ್ಧ, ಕೆಳಗಿನ ಅರ್ಧ, ಮತ್ತೆ ಮೇಲಿನ ಅರ್ಧ ಓದಿ, ಮೇಲಿನದು ಬದಲಾಗಿದ್ದರೆ ಇನ್ನೊಮ್ಮೆ ಓದಿ. ಬಫರ್‌ಗಿಂತ ದೊಡ್ಡ ಸಂಖ್ಯೆ ಕೊಟ್ಟರೆ ಅಲ್ಸಾ ‘ಇನ್‌ವ್ಯಾಲಿಡ್ ಪೊಸಿಷನ್’ ಅಂತ ಲಾಗ್ ಮಾಡುತ್ತದೆ. ವ್ಯಾಪ್ತಿಯ ಒಳಗಿನ ತಪ್ಪು ಸಂಖ್ಯೆಗೆ ಅಂಥ ಎಚ್ಚರಿಕೆ ನೆಚ್ಚಿಕೊಳ್ಳಬೇಡಿ.

ಪ್ಲೇಬ್ಯಾಕ್‌ನಲ್ಲಿ ಹೇಳಬೇಕಾದ ಸ್ಥಾನ ಡಿಎಂಎ ಎಲ್ಲಿಯವರೆಗೆ ಎತ್ತಿಕೊಂಡಿದೆ ಅನ್ನೋದು. ಸ್ಪೀಕರ್‌ನಲ್ಲಿ ಈಗ ಕೇಳುತ್ತಿರುವ ಸ್ಯಾಂಪಲ್ ಅದಕ್ಕಿಂತ ಹಿಂದಿರುತ್ತದೆ, ನಡುವೆ ಫಿಫೋ (ಸ್ಯಾಂಪಲ್‌ಗಳು ಸರದಿಯಲ್ಲಿ ಕಾಯುವ ಕಾರ್ಡ್ ಒಳಗಿನ ಪುಟ್ಟ ಜಾಗ) ಇದೆ. ಆ ಅಂತರವನ್ನು ಅಲ್ಸಾದ ರನ್‌ಟೈಮ್ ರಚನೆಯ ಡಿಲೇ ಫೀಲ್ಡ್‌ನಲ್ಲಿ ಕೊಡಿ, ಸ್ಥಾನದೊಳಗೆ ಬೆರೆಸಬೇಡಿ.

ಸ್ಥಾನ ಸುಳ್ಳಾಗುವುದು ವಿದ್ಯಾರ್ಥಿಗಳ ಡ್ರೈವರ್‌ನಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಿಮ್ಮ ಮದರ್‌ಬೋರ್ಡ್ ಮೇಲಿನ ಎಚ್‌ಡಿ ಆಡಿಯೋ ಇದೆಯಲ್ಲ, ಇಂಟೆಲ್ 2004ರಲ್ಲಿ ಅದರ ನಿಯಮಾವಳಿ ತಂದಿತು. ಸ್ಥಾನ ತಿಳಿಯಲು ಅದರಲ್ಲಿ ಎರಡು ದಾರಿ ಇವೆ: ಒಂದು ರಿಜಿಸ್ಟರ್, ಇನ್ನೊಂದು ಕಾರ್ಡೇ ಮೆಮೊರಿಯಲ್ಲಿ ಬರೆದಿಡುವ ಪೊಸಿಷನ್ ಬಫರ್. ಕೆಲವು ಚಿಪ್‌ನಲ್ಲಿ ಒಂದು ತಪ್ಪು ಹೇಳುತ್ತದೆ, ಕೆಲವದರಲ್ಲಿ ಇನ್ನೊಂದು. ಅದಕ್ಕೇ ಲಿನಕ್ಸ್ ಡ್ರೈವರ್‌ನಲ್ಲಿ ‘ಪೊಸಿಷನ್ ಫಿಕ್ಸ್’ ಅನ್ನುವ ಆಯ್ಕೆ ಇದೆ. ಅದೇ ಡ್ರೈವರ್‌ನಲ್ಲಿ ‘ಬಿಡಿಎಲ್ ಪೊಸ್ ಅಡ್ಜಸ್ಟ್’ ಅಂತ ಇನ್ನೊಂದು ಆಯ್ಕೆ ಕಾಣುತ್ತೀರಿ. ಇಂಟರಪ್ಟ್ ಮೊದಲು ಬಂದು, ಸ್ಥಾನ ಇನ್ನೂ ಪೀರಿಯಡ್ ಗಡಿ ದಾಟದೇ ಇದ್ದರೆ ಪ್ಲೇಯರ್‌ಗೆ ಎಚ್ಚರವಾಗುವುದು ಮುಂದಿನ ಪೀರಿಯಡ್‌ಗೇ. ಆ ತೊಡಕಿಗೆ ಮಾಡಿದ ಪರಿಹಾರ ಅದು. ನಿಮಗೆ ಎಫ್‌ಪಿಜಿಎ ಕೈಯಲ್ಲೇ ಇದೆ, ಇಂಥ ಸರ್ಕಸ್ ಬೇಡ. ಮೊದಲು ಸ್ಥಾನದ ರಿಜಿಸ್ಟರ್ ಬದಲಾಗಲಿ, ಆಮೇಲೆ ಇಂಟರಪ್ಟ್ ಏಳಲಿ. ಈಗ ನೀವು ಕೊನೆಯ ಓದಿಗೆ ವಿನಂತಿ ಕಳಿಸಿದ ಕೂಡಲೇ ಇಂಟರಪ್ಟ್ ಎಬ್ಬಿಸುತ್ತಿದ್ದೀರಿ. ಡೇಟಾ ಬಂದು ಮುಟ್ಟಿದ ಮೇಲೆ ಎಬ್ಬಿಸಿ.

ಇದೆಲ್ಲ ಸರಿಹೋಯಿತೇ ಅಂತ ತಿಳಿಯುವುದು ಹೇಗೆ? ಕಿವಿಗೆ ಮೊದಲು ಕೆಲಸ ಕೊಡಿ. ಮೃದಂಗ ಹಾಕಿ ಪರೀಕ್ಷೆ ಮಾಡಬೇಡಿ, ಪೆಟ್ಟುಗಳ ನಡುವೆ ಟಪ್ ಮುಚ್ಚಿಹೋಗುತ್ತದೆ. ತಂಬೂರಿ ಶ್ರುತಿ ಹಾಕಿ, ಎಳೆಯುವ ನಾದದಲ್ಲಿ ಒಂದು ಸ್ಯಾಂಪಲ್ ಜಿಗಿದರೂ ಎದ್ದು ಕೇಳಬಹುದು. ಗುಂಯ್ ಅನ್ನುವ ಹಮ್ ಬಂದರೆ ಅದು 50 ಹರ್ಟ್ಸ್ ಕರೆಂಟಿನದು. ಅರ್ಥಿಂಗ್ ನೋಡಿ, ಡ್ರೈವರ್‌ಗೂ ಅದಕ್ಕೂ ಸಂಬಂಧ ಇಲ್ಲ.

ಆಮೇಲೆ ಸೈನ್ ಅಲೆ. ಇಲ್ಲಿ 1000 ಹರ್ಟ್ಸ್ ಬಳಸಬೇಡಿ. 48,000 ವೇಗದಲ್ಲಿ ಅದರ ಒಂದು ಸುತ್ತು ಸರಿಯಾಗಿ 48 ಸ್ಯಾಂಪಲ್. ಪೀರಿಯಡ್ 480 ಅಥವಾ 960 ಇದ್ದರೆ ಇಡೀ ಪೀರಿಯಡ್ ಕಳೆದುಹೋದರೂ ಅಲೆ ಜೋಡಿಕೊಂಡೇ ಹೋಗುತ್ತದೆ, ದೋಷ ಕೇಳುವುದೇ ಇಲ್ಲ. ಆಡಿಯೋ ಅಳತೆ ಮಾಡುವವರು 997 ಹರ್ಟ್ಸ್ ಬಳಸುವ ರೂಢಿ ಇದೆ. 997 ಅವಿಭಾಜ್ಯ ಸಂಖ್ಯೆ, ಇಂಥ ಕಾಕತಾಳೀಯಕ್ಕೆ ಸಿಗುವುದಿಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾದ ಪರೀಕ್ಷೆ ಇನ್ನೊಂದು. ಸಂಗೀತದ ಬದಲು 0, 1, 2, 3 ಅಂತ ಏರುವ 16 ಬಿಟ್ ಸಂಖ್ಯೆಗಳನ್ನೇ ಸ್ಯಾಂಪಲ್ ಆಗಿ ಕಳಿಸಿ. ಎಫ್‌ಪಿಜಿಎ ಒಳಗೆ ಔಟ್‌ಪುಟನ್ನು ಇನ್‌ಪುಟ್‌ಗೆ ತಿರುಗಿಸಿ ರೆಕಾರ್ಡ್ ಮಾಡಿ. ಬಂದ ಫೈಲಿನಲ್ಲಿ ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ 1 ಇರಬೇಕು, 65,535 ಆದ ಮೇಲೆ 0ಗೆ ಮರಳಬೇಕು. ಎಲ್ಲಿ ಅದು ತಪ್ಪುತ್ತದೋ ಅಲ್ಲಿ ಟಪ್ ಇದೆ. ಎಷ್ಟು ತಪ್ಪಿದೆ ಅನ್ನೋದೇ ಕಾರಣ ಹೇಳುತ್ತದೆ. ಸರಿಯಾಗಿ 1024 ಹಿಂದಕ್ಕೆ ಹೋಗಿದ್ದರೆ ಹಳೇ ಬಫರ್ ಓದಿದ್ದು, ಸ್ಥಾನದ ಲೆಕ್ಕ ಅನುಮಾನಿಸಿ. ಒಂದೆರಡು ಸ್ಯಾಂಪಲ್ ಮಾತ್ರ ಹಾರಿದ್ದರೆ ಅಥವಾ ಒಂದೇ ಸಂಖ್ಯೆ ಮತ್ತೆ ಬಂದಿದ್ದರೆ ಫಿಫೋ ಅಥವಾ ಕ್ಲಾಕ್ ದಾಟಿಸುವ ಜಾಗ. ಯುಎಸ್‌ಬಿ ಕಾರ್ಡ್‌ಗಳಲ್ಲಿ 48ರ ಜಿಗಿತ ಕಂಡರೆ ಒಂದು ಮಿಲಿಸೆಕೆಂಡಿನ ಫ್ರೇಮ್ ಕಳೆದಿದೆ ಅಂತ ತಿಳಿಯಬಹುದು. ಒಂದು ಎಚ್ಚರಿಕೆ: ಈ ಪರೀಕ್ಷೆ ಮಾಡುವಾಗ ಕಾರ್ಡನ್ನು ನೇರವಾಗಿ ಹಾರ್ಡ್‌ವೇರ್ ಹೆಸರಿನಲ್ಲೇ ತೆರೆಯಿರಿ. ಪೈಪ್‌ವೈರ್ ಅಥವಾ ಪಲ್ಸ್ ಆಡಿಯೋದಂಥ ಸದ್ದು ಬೆರೆಸುವ ಪ್ರೋಗ್ರಾಂ ನಡುವೆ ಬಂದರೆ ವಾಲ್ಯೂಮ್ ಬದಲಿಸಿ, ಸ್ಯಾಂಪಲ್ ವೇಗ ಬದಲಿಸಿ ಸಂಖ್ಯೆಗಳನ್ನೇ ಕೆಡಿಸಬಹುದು.

ಈಗ ಸದ್ದು ಪೂರ್ತಿ ನಿಲ್ಲುವ ವಿಚಾರ. ‘ನೋಬಡಿ ಕೇರ್ಡ್’ ಸುಮ್ನೆ ಬರುವ ಸಂದೇಶ ಅಲ್ಲ. ಒಂದು ಲೈನ್‌ನಲ್ಲಿ ಬಂದ 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚಿಗೆ ‘ಇದು ನನ್ನದಲ್ಲ’ ಅಂತ ಎಲ್ಲ ಹ್ಯಾಂಡ್ಲರ್‌ಗಳೂ ಹೇಳಿದರೆ ಲಿನಕ್ಸ್ ಆ ಲೈನನ್ನೇ ಮುಚ್ಚುತ್ತದೆ. ಅಂದರೆ ಲೈನ್ ಎತ್ತಿದ್ದು ಎತ್ತಿದ ಹಾಗೇ ನಿಂತಿದೆ, ಇಳಿಸುವವರು ಯಾರೂ ಇಲ್ಲ. ಅದು ನಿಮ್ಮ ಕಾರ್ಡೇ. ನಿಮ್ಮ ಎಫ್‌ಪಿಜಿಎ ಎರಡು ಕಾರಣಕ್ಕೆ ಇಂಟರಪ್ಟ್ ಎಬ್ಬಿಸುತ್ತದೆ: ಪೀರಿಯಡ್ ಮುಗಿದಾಗ, ಮತ್ತು ಫಿಫೋ ಖಾಲಿಯಾದಾಗ. ಹ್ಯಾಂಡ್ಲರ್ ನೋಡುವುದು ಮೊದಲ ಬಿಟ್ ಮಾತ್ರ. ಫಿಫೋ ಬಿಟ್ ಒಮ್ಮೆ 1 ಆದರೆ ಅದನ್ನು ಅಳಿಸುವವರಿಲ್ಲ. ಲೈನ್ ಇಳಿಯದು, ಹ್ಯಾಂಡ್ಲರ್ ಮತ್ತೆ ಮತ್ತೆ ಓಡಿ ‘ನನ್ನದಲ್ಲ’ ಅನ್ನುತ್ತದೆ, ನೋಡನೋಡುತ್ತ ಲಕ್ಷ ದಾಟುತ್ತದೆ. ಪ್ರಾಕ್ ಒಳಗಿನ ಇಂಟರಪ್ಟ್ಸ್ ಫೈಲ್ ತೆರೆದು ‘16:’ ಅಂತ ಶುರುವಾಗುವ ಸಾಲಿನ ಎಣಿಕೆ ನೋಡಿ. 256 ಫ್ರೇಮ್‌ಗೆ ಅದು ಸೆಕೆಂಡಿಗೆ 187 ಅಥವಾ 188ರಂತೆ ಏರಬೇಕು. ಅದೇ ಸಾಲಿನಲ್ಲಿ ಬೇರೆ ಸಾಧನಗಳ ಹೆಸರೂ ಇದ್ದರೆ ಅವುಗಳ ಎಣಿಕೆಯೂ ಸೇರಿರುತ್ತದೆ. ಲೈನ್ ಮುಚ್ಚಿದಾಗ ಪಾಪ, ಅವೂ ಕುಂಟುತ್ತವೆ.

ಹ್ಯಾಂಡ್ಲರ್ ಹೀಗಿರಲಿ: ಸ್ಟೇಟಸ್ ರಿಜಿಸ್ಟರ್ ಒಮ್ಮೆ ಓದಿ. ಸೊನ್ನೆ ಇದ್ದರೆ ನಿಮ್ಮದಲ್ಲ ಅಂತ ಹೇಳಿ ಹೊರಬನ್ನಿ. ಇಲ್ಲದಿದ್ದರೆ ಓದಿದ ಬಿಟ್‌ಗಳನ್ನೆಲ್ಲ, ನಿಮಗೆ ಬೇಡವಾದವನ್ನೂ ಸೇರಿಸಿ, ಮೊದಲು ಅಳಿಸಿ. ಆಮೇಲೆ ಕೆಲಸ ಮಾಡಿ. ಕೆಲಸ ಮಾಡಿ ಆಮೇಲೆ ಅಳಿಸಿದರೆ ನಡುವೆ ಬಂದ ಹೊಸ ಸುದ್ದಿಯೂ ಅಳಿಸಿಹೋಗುತ್ತದೆ. ನಿಮ್ಮ ಕೋಡ್‌ನಲ್ಲಿ ಹಾಗೇ ಇದೆ. ಇಂಟರಪ್ಟ್ ಕಳೆಯಲು ಅದೂ ಒಂದು ಕಾರಣ.

ಫಿಫೋ ಯಾಕೆ ಖಾಲಿಯಾಗುತ್ತದೆ ಅನ್ನೋದು ಬೇರೆ ಪ್ರಶ್ನೆ. ಪೆನ್ ಡ್ರೈವ್ ಕಾಪಿ ನಡೆಯುವಾಗ ಮೆಮೊರಿ ಓದಿನ ಉತ್ತರ ತಡವಾಗುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ನಿದ್ದೆಗೆ ಹೋಗಿದ್ದರೆ ಏಳಲು ಹತ್ತಾರು ಮೈಕ್ರೋಸೆಕೆಂಡ್ ಹಿಡಿಯಬಹುದು. ನಿಮ್ಮ ಫಿಫೋ 16 ಫ್ರೇಮ್, ಅಂದರೆ 0.33 ಮಿಲಿಸೆಕೆಂಡ್. ಸಾಕಲ್ಲ ಅನ್ನಿಸುತ್ತದೆ. ಆದರೆ ನೀವು ಮುಂದಿನ ಓದು ಶುರುಮಾಡುವುದು ಫಿಫೋದಲ್ಲಿ ಒಂದೇ ಫ್ರೇಮ್ ಉಳಿದಾಗ! ಆಗ ಕೈಯಲ್ಲಿರುವುದು 21 ಮೈಕ್ರೋಸೆಕೆಂಡ್ ಮಾತ್ರ. ಅರ್ಧ ಖಾಲಿಯಾದ ಕೂಡಲೇ ಓದು ಕಳಿಸಿ, ಫಿಫೋ 64 ಫ್ರೇಮ್‌ಗೆ ಏರಿಸಿ. ಎಫ್‌ಪಿಜಿಎಯಲ್ಲಿ ಬ್ಲಾಕ್ ರ‍್ಯಾಮ್ ಇದ್ದೇ ಇದೆ, ಜಿಪುಣತನ ಬೇಡ.

20 ಮೈಕ್ರೋಸೆಕೆಂಡ್ ಡಿಲೇ ಯಾಕೆ ಗುಣ ಕೊಟ್ಟಿತು ಅಂತ ಕೇಳಿದ್ದೀರಿ. ಒಳ್ಳೇ ಪ್ರಶ್ನೆ, ಬಹಳ ಜನ ಇದನ್ನು ಕೇಳದೆ ಡಿಲೇ ಬಿಟ್ಟು ಮುಂದೆ ಹೋಗುತ್ತಾರೆ. ಪಿಸಿಐ ಬಸ್‌ನಲ್ಲಿ ಬರೆಯುವ ಕೆಲಸ ಪೋಸ್ಟೆಡ್ ಬರಹ. ಸಿಪಿಯು ಬರೆದು ಮುಂದೆ ನಡೆಯುತ್ತದೆ, ಬರೆದದ್ದು ಕಾರ್ಡ್ ತಲುಪುವುದು ಆಮೇಲೆ. ನೀವು ಬಿಟ್ ಅಳಿಸಿ ಹ್ಯಾಂಡ್ಲರ್‌ನಿಂದ ಹೊರಬಂದಿರಿ. ಅಳಿಸುವ ಬರಹ ಇನ್ನೂ ದಾರಿಯಲ್ಲಿದೆ, ಲೈನ್ ಇನ್ನೂ ಮೇಲೇ ಇದೆ, ಸಿಪಿಯುಗೆ ಇನ್ನೊಂದು ಇಂಟರಪ್ಟ್ ಬಂತು. ಹ್ಯಾಂಡ್ಲರ್ ಸ್ಟೇಟಸ್ ಓದಿತು. ಓದು ತನ್ನ ಮುಂದಿರುವ ಬರಹವನ್ನು ದಾಟಿ ಹೋಗುವಂತಿಲ್ಲ, ಹಾಗಾಗಿ ಅಷ್ಟರಲ್ಲಿ ಬಿಟ್ ಅಳಿಸಿಯಾಗಿರುತ್ತದೆ. ಸೊನ್ನೆ ಕಾಣುತ್ತದೆ. ನಿಮ್ಮ ಹ್ಯಾಂಡ್ಲರ್ ಸ್ಟೇಟಸ್ ಸೊನ್ನೆ ಇದ್ದಾಗಲೂ ಫ್ರೇಮ್ ಲೆಕ್ಕ ಬದಲಿಸುವ ಒಂದು ಸಾಲಿನ ಮೂಲಕ ಹಾದುಹೋಗುತ್ತದೆ, ಹಾಗಾಗಿ ಈ ಸುಳ್ಳು ಇಂಟರಪ್ಟ್‌ಗಳು ಲೆಕ್ಕ ಮುಂದಕ್ಕೂ ಓಡುವಂತೆ ಮಾಡುತ್ತವೆ. ಡಿಲೇ ಹಾಕಿದಾಗ ಬರಹ ತಲುಪಲು ಸಮಯ ಸಿಕ್ಕಿತು, ಅಷ್ಟೇ. ಸರಿಯಾದ ದಾರಿ: ಬಿಟ್ ಅಳಿಸಿದ ತಕ್ಷಣ ಅದೇ ರಿಜಿಸ್ಟರ್ ಒಮ್ಮೆ ಓದಿ. ಆ ಓದು ಮುಗಿಯಿತು ಅಂದರೆ ಬರಹ ತಲುಪಿದೆ. ಒಂದೆರಡು ಮೈಕ್ರೋಸೆಕೆಂಡಿನ ಕೆಲಸ. ಡಿಲೇಯ ಹಾಗೆ ಬೇರೆ ಕಂಪ್ಯೂಟರ್‌ನಲ್ಲಿ ಕೈಕೊಡುವುದಿಲ್ಲ.

ಇದಾದ ಮೇಲೆ ಎಂಎಸ್‌ಐಗೆ (ಲೈನ್ ಎತ್ತುವ ಬದಲು ಸಂದೇಶವಾಗಿ ಬರುವ ಇಂಟರಪ್ಟ್) ಬದಲಾಯಿಸಿ. ಆಗ ಲೈನನ್ನು ಬೇರೆ ಸಾಧನಗಳ ಜೊತೆ ಹಂಚಿಕೊಳ್ಳುವುದು ತಪ್ಪುತ್ತದೆ. ಆದರೆ ಬಿಟ್ ಅಳಿಸುವ ದೋಷ ಸರಿಮಾಡದೆ ಎಂಎಸ್‌ಐಗೆ ಹೋಗಬೇಡಿ. ಎಂಎಸ್‌ಐ ಪ್ರತಿ ಸಲ ಹೊಸದಾಗಿ ಸಂದೇಶ ಕಳಿಸುವ ಪದ್ಧತಿ. ನಿಮ್ಮ ವೆರಿಲಾಗ್ ಸಂದೇಶ ಕಳಿಸುವುದು ಎಲ್ಲ ಬಿಟ್ ಸೊನ್ನೆಯಿದ್ದು ಒಂದು ಏರಿದಾಗ. ಅಳಿಸದ ಬಿಟ್ ಒಂದಿದ್ದರೆ ಇಂಟರಪ್ಟ್ ಮಳೆಯ ಬದಲು ಪೂರ್ತಿ ಮೌನ. ಲಾಗ್‌ನಲ್ಲಿ ಸುಳಿವೂ ಇರುವುದಿಲ್ಲ.

ಲಾಕ್ ಬಗ್ಗೆ ಒಂದು ಮಾತು. ‘ಪೀರಿಯಡ್ ಇಲಾಪ್ಸ್‌ಡ್’ ಫಂಕ್ಷನ್ ಕರೆಯುವಾಗ ನಿಮ್ಮ ಸ್ಪಿನ್‌ಲಾಕ್ (ಒಂದು ಸಲಕ್ಕೆ ಒಂದೇ ಸಿಪಿಯು ಒಳಹೋಗಲು ಇಡುವ ಬೀಗ) ಹಿಡಿದೇ ಇದ್ದೀರಿ. ಅದು ಒಳಗೆ ಅಲ್ಸಾದ ಸ್ಟ್ರೀಮ್ ಲಾಕ್ ಹಿಡಿದು, ನಿಮ್ಮದೇ ಪಾಯಿಂಟರ್ ಕಾಲ್‌ಬ್ಯಾಕ್ ಕರೆಯುತ್ತದೆ, ಎಕ್ಸ್‌ರನ್ ಆಗಿದ್ದರೆ ಟ್ರಿಗರ್ (ಸ್ಟ್ರೀಮ್ ಶುರುಮಾಡುವ, ನಿಲ್ಲಿಸುವ ಫಂಕ್ಷನ್) ಕೂಡ. ಇನ್ನೊಂದು ಸಿಪಿಯು ಸ್ಟ್ರೀಮ್ ಲಾಕ್ ಹಿಡಿದು ಟ್ರಿಗರ್ ಒಳಗೆ ನಿಮ್ಮ ಲಾಕ್‌ಗೆ ಕಾಯುತ್ತಿದ್ದರೆ ಎರಡೂ ಕಡೆ ಅಲ್ಲಲ್ಲೇ ನಿಲ್ಲುತ್ತವೆ, ಕಂಪ್ಯೂಟರ್ ಹೆಪ್ಪುಗಟ್ಟುತ್ತದೆ. ಕರೆಯುವ ಮುನ್ನ ಲಾಕ್ ಬಿಡಿ. ಅಲ್ಸಾ ನಿರ್ವಾಹಕ ತಕಾಶಿ ಇವಾಯಿ ಅವರು ಡ್ರೈವರ್ ಬರೆಯುವವರಿಗಾಗಿ ಕೊಟ್ಟ ದಾಖಲೆಯ ಮಾದರಿ ಕೋಡ್‌ನಲ್ಲೂ ಹೀಗೇ ಇದೆ. ಲಾಕ್ ಹಿಡಿಯುವ ಕ್ರಮ ಪರೀಕ್ಷಿಸುವ ಲಾಕ್‌ಡೆಪ್ ಆನ್ ಮಾಡಿದ ಕರ್ನಲ್‌ನಲ್ಲಿ ಓಡಿಸಿದರೆ ಇಂಥ ದೋಷ ನಡೆಯುವ ಮುಂಚೆಯೇ ಹಿಡಿದುಕೊಡುತ್ತದೆ.

ಇನ್ನು ರಿಯಲ್ ಟೈಮ್ ಕರ್ನಲ್. ಅದನ್ನು ಕೊಡುವ ಪ್ರೀಎಂಪ್ಟ್ ಆರ್‌ಟಿ 2024ರಲ್ಲಿ 6.12ನೇ ಆವೃತ್ತಿಗೆ ಮುಖ್ಯ ಲಿನಕ್ಸ್ ಒಳಗೇ ಸೇರಿದೆ, ಹಾಕುವುದು ಈಗ ಸುಲಭ. ಬೇರೆ ಡ್ರೈವರ್‌ಗಳ ಹ್ಯಾಂಡ್ಲರ್ ಥ್ರೆಡ್ ಆಗಿ ಓಡುತ್ತವೆ, ನಿಮ್ಮದಕ್ಕೆ ಹೆಚ್ಚಿನ ಆದ್ಯತೆ ಕೊಡಬಹುದು. ಸುಳ್ಳು ಸ್ಥಾನ ಹೇಳುವ ಡ್ರೈವರ್ ಅದರಲ್ಲೂ ಸುಳ್ಳೇ ಹೇಳುತ್ತದೆ. ಹಾಗಾಗಿ ಮೇಲಿನದೆಲ್ಲ ಮುಗಿಸಿ, ಏರುಸಂಖ್ಯೆ ಪರೀಕ್ಷೆ ಒಂದು ರಾತ್ರಿ ಓಡಿಸಿ. ಆಮೇಲೂ ಎಕ್ಸ್‌ರನ್ ಬಂದರೆ ಎಫ್‌ಟ್ರೇಸ್‌ನ (ಕರ್ನಲ್ ಒಳಗಿನ ಜಾಡು ಹಿಡಿಯುವ ಸಾಧನ) ಐಆರ್‌ಕ್ಯು ಆಫ್ ಟ್ರೇಸರ್ ಹಾಕಿ, ಯಾರು ಇಂಟರಪ್ಟ್ ತಡೆದಿದ್ದರು ಅಂತ ಹೆಸರು ಸಮೇತ ಹೇಳುತ್ತದೆ. ಅಲ್ಲೂ ಏನೂ ಸಿಗದಿದ್ದರೆ ಎಚ್‌ಡಬ್ಲ್ಯು ಲ್ಯಾಟ್ ಟ್ರೇಸರ್ ಓಡಿಸಿ. ಕೆಲವು ಬೋರ್ಡ್‌ಗಳಲ್ಲಿ ಬಯಾಸ್ ತನ್ನ ಕೆಲಸಕ್ಕೆ ಸಿಪಿಯುವನ್ನೇ ಕಿತ್ತುಕೊಳ್ಳುತ್ತದೆ, ಆಪರೇಟಿಂಗ್ ಸಿಸ್ಟಮ್‌ಗೆ ಅದು ಕಾಣುವುದಿಲ್ಲ. ಅದನ್ನು ಯಾವ ಕರ್ನಲ್ಲೂ ತಪ್ಪಿಸಲಾರದು, ಬಯಾಸ್ ಸೆಟ್ಟಿಂಗ್ ನೋಡಬೇಕು, ಇಲ್ಲ ಬೋರ್ಡ್ ಬದಲಿಸಬೇಕು.

ಕೊನೆಗೆ ಗೆಳತಿಯ ಪ್ರಯೋಗ. ಬಳಸಬಹುದು, ಆದರೆ ‘ಸದ್ದು ಯಾವಾಗ ಹೊರಟಿತು’ ಅನ್ನೋದನ್ನು ಪ್ರೋಗ್ರಾಂನ ಗಡಿಯಾರದಿಂದ ತಿಳಿಯುವ ಪ್ರಯತ್ನ ಬೇಡ. ಕ್ಲಿಕ್ ಕೇಳಿಸಿ ಮಿದುಳುಕಾಂಡದ ಪ್ರತಿಕ್ರಿಯೆ ಅಳೆಯುವ ಪರೀಕ್ಷೆಯಲ್ಲಿ ಬೇಕಾದ ಅಲೆಗಳು ಮೊದಲ 10 ಮಿಲಿಸೆಕೆಂಡ್ ಒಳಗೇ ಬಂದುಹೋಗುತ್ತವೆ. ಸಾವಿರಾರು ಸಲ ಕೇಳಿಸಿ ಸರಾಸರಿ ತೆಗೆಯುತ್ತಾರೆ. ಪ್ರತಿ ಸಲ ಒಂದು ಮಿಲಿಸೆಕೆಂಡ್ ಅತ್ತಿತ್ತ ಆದರೆ ಸರಾಸರಿಯಲ್ಲಿ ಅಲೆಗಳೇ ಕರಗಿಹೋಗುತ್ತವೆ. ಎಡ ಚಾನೆಲ್‌ನಲ್ಲಿ ಕ್ಲಿಕ್, ಅದೇ ಸ್ಯಾಂಪಲ್‌ನಲ್ಲಿ ಬಲ ಚಾನೆಲ್‌ನಲ್ಲಿ ಗುರುತಿನ ಪಲ್ಸ್ ಕಳಿಸಿ. ಪಲ್ಸನ್ನೂ ಪ್ರತಿಕ್ರಿಯೆಯನ್ನೂ ನಿಮ್ಮ ಕಾರ್ಡ್‌ನಲ್ಲೇ ರೆಕಾರ್ಡ್ ಮಾಡಿ. ಎಲ್ಲವೂ ಒಂದೇ ಕ್ರಿಸ್ಟಲ್ (ಕಾರ್ಡ್‌ನ ಗಡಿಯಾರ ನಡೆಸುವ ಹರಳು) ಮೇಲೆ ಓಡುತ್ತವೆ, ಇಂಟರಪ್ಟ್ ಎಷ್ಟು ತಡವಾದರೂ ಅಂತರ ಬದಲಾಗುವುದಿಲ್ಲ. ರೆಕಾರ್ಡಿಂಗ್‌ಗೆ ಬೇರೆ ಯುಎಸ್‌ಬಿ ಕಾರ್ಡ್ ಬಳಸಿದರೆ ಎರಡು ಕ್ರಿಸ್ಟಲ್ ಆಯಿತು. 50 ಪಿಪಿಎಂ (ಹತ್ತು ಲಕ್ಷಕ್ಕೆ 50) ವ್ಯತ್ಯಾಸ ಇದ್ದರೂ ಸೆಕೆಂಡಿಗೆ 2.4 ಸ್ಯಾಂಪಲ್, ಗಂಟೆಗೆ 180 ಮಿಲಿಸೆಕೆಂಡ್ ಜಾರುತ್ತದೆ. ವೀಣೆಗೆ ಒಂದು ಕಾರ್ಡ್, ಗಾಯನಕ್ಕೆ ಇನ್ನೊಂದು ಬಳಸಿದಾಗಲೂ ಇದೇ ತೊಂದರೆ, ಅದು ಡ್ರೈವರ್ ದೋಷ ಅಲ್ಲ. ಕಿವಿಯ ಹತ್ತಿರ ಎಷ್ಟು ಸದ್ದು ತಲುಪುತ್ತದೆ ಅನ್ನುವ ಕ್ಯಾಲಿಬ್ರೇಶನ್ ಆಗದೆ ಯಾರ ಕಿವಿಗೂ ಹೆಡ್‌ಫೋನ್ ಹಾಕಬೇಡಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನೀವು ಓದುತ್ತಿರುವ ಮೈಸೂರಲ್ಲೇ ಇದೆ. ಅಂಥ ಕಡೆ ತಿಳಿದವರನ್ನು ಕೇಳಿ, ಅವರ ಮಾರ್ಗದರ್ಶನ ಸಿಕ್ಕ ಮೇಲೆಯೇ ಪ್ರಯೋಗ ಶುರುಮಾಡಲಿ.